ನೌಕರಿ ಖಾಯಂ ಆಯಿತೇ? – ದಿನಗೂಲಿ ಕಾರ್ಮಿಕರು ಮತ್ತು ನ್ಯಾಯಾಲಯಗಳು

ಊರಿನಿಂದ ಬಂದ ಹಿರಿಯರು ಚಹದ ಬಟ್ಟಲನ್ನು ಕೆಳಗಿಡುವ ಮುನ್ನವೇ ಕೇಳುತ್ತಿದ್ದ ಪ್ರಶ್ನೆಯೊಂದು ಪುಣೆಯ ಕನ್ನಡ ಕುಟುಂಬಗಳಿಗೆಲ್ಲ ಪರಿಚಿತ: "ತಮ್ಮಾ, ನೌಕರಿ ಪರ್ಮನೆಂಟ್ ಆತೇನು?" ಧಾರವಾಡ, ಬೆಳಗಾವಿ, ವಿಜಾಪುರ, ಕಲಬುರ್ಗಿ ಸೀಮೆಗಳಿಂದ ರೈಲು ಹತ್ತಿ ಬಂದು, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿಯೋ, 1954ರಲ್ಲಿ ಪಿಂಪರಿಯಲ್ಲಿ ಆರಂಭವಾದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿಯೋ, ಮುಂದೆ ಆಕುರ್ಡಿ-ಚಿಂಚವಡದ ವಾಹನ ಕಾರ್ಖಾನೆಗಳಲ್ಲಿಯೋ ಸೇರಿಕೊಂಡವರ ಬದುಕು ಆ ಒಂದು ಶಬ್ದದ ಮೇಲೆ ನಿಂತಿತ್ತು. ಕನ್ಯೆ ಕೊಡುವ ಮಾತು, ಮನೆಯ ಸಾಲ, ತಂದೆತಾಯಿಯರನ್ನು ಊರಿನಿಂದ ಕರೆತರುವ ಯೋಚನೆ ಎಲ್ಲವೂ "ಆಗ್ಯದ" ಎಂಬ ಉತ್ತರಕ್ಕಾಗಿ ಕಾಯುತ್ತಿದ್ದವು.

ಇಷ್ಟು ಬೆಲೆಯುಳ್ಳ ಈ ಖಾಯಂ ಸ್ಥಾನವನ್ನು ಕೊಡುವವರು ಯಾರು? ನಮ್ಮ ಸಂವಿಧಾನದಲ್ಲಿ ಖಾಯಂ ನೌಕರಿಯ ಹಕ್ಕು ಎಂಬ ವಿಧಿಯೇ ಇಲ್ಲ. ಶಾಸನಗಳಲ್ಲಿ ಅದರ ತುಣುಕುಗಳು ಅಲ್ಲಲ್ಲಿ ಸಿಗುತ್ತವೆ. ಉಳಿದುದನ್ನು ನ್ಯಾಯಾಲಯಗಳೇ ಕಟ್ಟಿದವು, ಒಮ್ಮೆ ಕೆಡವಿದವು, ಮತ್ತೆ ಕಟ್ಟತೊಡಗಿದವು. ಈ ಕಟ್ಟುವ ಕೆಡಹುವ ಕೆಲಸದಲ್ಲಿ ಕರ್ನಾಟಕದಿಂದ ಹೋದ ಮೊಕದ್ದಮೆಗಳಿಗೂ ಮಹಾರಾಷ್ಟ್ರದ ಒಂದು ಕಾಯಿದೆಗೂ ದೊಡ್ಡ ಪಾತ್ರವಿದೆ. ಒಂದೇ ಬಗೆಯ ಕೆಲಸ ಮಾಡಿದ ಇಬ್ಬರು ಹಂಗಾಮಿ ಕಾರ್ಮಿಕರಲ್ಲಿ ಒಬ್ಬನು ಗಡಿಯ ಆಚೆ, ಇನ್ನೊಬ್ಬನು ಈಚೆ ಇದ್ದರೆ ಅವರಿಗೆ ದೊರೆತ ನ್ಯಾಯವೂ ಬೇರೆಯಾಯಿತು. ಎರಡೂ ಕಡೆ ಬಂಧುಗಳಿರುವ ನಮಗೆ ಇದು ತಿಳಿದಿರಬೇಕಾದ ಸಂಗತಿ.

ಮೊದಲು 240 ದಿನಗಳ ಮಾತು. "ಇನ್ನೂರಾ ನಲವತ್ತು ದಿನ ತುಂಬಿದರೆ ಖಾಯಂ" ಎಂಬುದು ಕಾರ್ಮಿಕ ವಲಯದಲ್ಲಿ ಗಾದೆಯಂತೆ ಹರಡಿರುವ ನಂಬಿಕೆ. ಇದು ಅರ್ಧ ಮಾತ್ರ ಸತ್ಯ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು, ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಒಂದು ವರ್ಷ ಸತತ ಸೇವೆ ಸಲ್ಲಿಸಿದವನೆಂದು ಪರಿಗಣಿಸುತ್ತಿತ್ತು. ಅದರ ಫಲವೇನೆಂದರೆ, ಅಂಥವನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ನೀಡಬೇಕು. ಖಾಯಂ ಮಾಡಲೇಬೇಕೆಂದು ಆ ಕಲಮು ಹೇಳಲಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಜಾರಿಯಲ್ಲಿದ್ದ ಮಾದರಿ ಸ್ಥಾಯಿ ಆದೇಶಗಳ 4-ಸಿ ಕಲಮು ಬೇರೆಯ ಮಾತನ್ನಾಡಿತು. ಬದಲಿ ಅಥವಾ ಹಂಗಾಮಿ ಕಾರ್ಮಿಕನು ಹಿಂದಿನ ಹನ್ನೆರಡು ತಿಂಗಳಲ್ಲಿ ಒಟ್ಟು 240 ದಿನ ದುಡಿದಿದ್ದರೆ, ಹಂಗಾಮಿನ ಕಾರ್ಖಾನೆಗಳಲ್ಲಾದರೆ 190 ದಿನ ದುಡಿದಿದ್ದರೆ, ಅವನನ್ನು ಖಾಯಂ ಮಾಡತಕ್ಕದ್ದು ಎಂಬುದು ಆ ಕಲಮಿನ ತಾತ್ಪರ್ಯ. ಹುಬ್ಬಳ್ಳಿಯ ಕಾಕಾ ಮತ್ತು ಚಿಂಚವಡದ ಕಾಕಾ ಇಬ್ಬರೂ 240 ಎಂದೇ ಹೇಳುತ್ತಿದ್ದರು; ಒಬ್ಬರಿಗೆ ಅದು ಪರಿಹಾರದ ಲೆಕ್ಕ, ಇನ್ನೊಬ್ಬರಿಗೆ ಖಾಯಂ ಆಗುವ ಲೆಕ್ಕ.

ಈ ಲೆಕ್ಕವನ್ನು ಹಿಡಿಯುವ ರೀತಿಯನ್ನೂ ನ್ಯಾಯಾಲಯವೇ ತೀರ್ಮಾನಿಸಬೇಕಾಯಿತು. ವಾರದ ರಜೆಯನ್ನು ಸೇರಿಸಬೇಕೆ, ಬಿಡಬೇಕೆ? ತಿಂಗಳಿಗೆ 26 ದಿನದಂತೆ ಒಂಬತ್ತು ತಿಂಗಳು ಬೆವರು ಸುರಿಸಿದವನ ಲೆಕ್ಕ 234ಕ್ಕೆ ನಿಲ್ಲುತ್ತದೆ. ಭಾನುವಾರಗಳನ್ನು ಕೂಡಿಸಿದರೆ 270ರ ಸುಮಾರಿಗೆ ಹೋಗುತ್ತದೆ. 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಬಳ ಸಹಿತವಾದ ಭಾನುವಾರಗಳನ್ನೂ ರಜಾದಿನಗಳನ್ನೂ ಸೇರಿಸಿಯೇ 240 ಎಣಿಸಬೇಕೆಂದು ತೀರ್ಪಿತ್ತಿತು. ಕೇಳುವುದಕ್ಕೆ ಸಣ್ಣ ಅಂಕಗಣಿತ. ಆದರೆ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಆರು ದಿನಗಳ ಅಂತರದಲ್ಲಿ.

ಮಾಲೀಕರೂ ಲೆಕ್ಕ ಬಲ್ಲವರೇ. ಇದರಿಂದ ಹುಟ್ಟಿದ್ದು ಏಳು ತಿಂಗಳ ಪತ್ರ. ಏಳು ತಿಂಗಳು ಕೆಲಸ, ಆಮೇಲೆ 'ಬ್ರೇಕ್', ಕೆಲವು ವಾರಗಳ ನಂತರ ಹೊಸ ಪತ್ರ. ಪಿಂಪರಿ-ಚಿಂಚವಡ ಪಟ್ಟಿಯಲ್ಲಿ ಹೀಗೆ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಸುತ್ತುತ್ತ ಇಪ್ಪತ್ತರಿಂದ ಮೂವತ್ತರ ವಯಸ್ಸನ್ನು ಕಳೆದ ಐ.ಟಿ.ಐ. ಹುಡುಗರನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಇದು ಖಾಸಗಿಯವರ ಚಾಳಿ ಮಾತ್ರವಾಗಿರಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ದಿನಗೂಲಿ ಮಜ್ದೂರನೊಬ್ಬನ ಪ್ರಕರಣದಲ್ಲಿ, ಇಂಥವರಿಗೆ ಸತತವಾಗಿ ಕೆಲಸ ಕೊಟ್ಟು ಖಾಯಂ ಹಕ್ಕು ಹುಟ್ಟದಂತೆ ಎಚ್ಚರ ವಹಿಸಬೇಕೆಂಬ ಗೋಪ್ಯ ಸುತ್ತೋಲೆಯು ನ್ಯಾಯಾಲಯದ ಕಣ್ಣಿಗೆ ಬಿತ್ತು. 1985ರ ಆ ತೀರ್ಪು ಇದನ್ನು ಅನುಚಿತ ಕಾರ್ಮಿಕ ನೀತಿಯೆಂದೇ ಕರೆಯಿತು.

'ಅನುಚಿತ ಕಾರ್ಮಿಕ ನೀತಿ' ಎಂಬ ಈ ಮಾತಿಗೆ ಮಹಾರಾಷ್ಟ್ರದಲ್ಲಿ ಹಲ್ಲು ಮೂಡಿದ್ದು ಅದಕ್ಕೂ ಮೊದಲೇ. ಕಾರ್ಮಿಕ ಸಂಘಗಳ ಮಾನ್ಯತೆ ಹಾಗೂ ಅನುಚಿತ ಕಾರ್ಮಿಕ ನೀತಿಗಳ ನಿವಾರಣೆಗಾಗಿ ಈ ರಾಜ್ಯವು 1971ರಲ್ಲಿ ಕಾಯಿದೆಯೊಂದನ್ನು ರಚಿಸಿ 1975ರಲ್ಲಿ ಜಾರಿಗೆ ತಂದಿತು. ಅದರ ನಾಲ್ಕನೆಯ ಅನುಸೂಚಿಯ ಆರನೆಯ ಅಂಶವು, ಖಾಯಂ ನೌಕರರ ಸ್ಥಾನಮಾನವನ್ನು ತಪ್ಪಿಸುವ ಉದ್ದೇಶದಿಂದ ಕಾರ್ಮಿಕರನ್ನು ವರ್ಷಾನುಗಟ್ಟಲೆ ಬದಲಿ, ದಿನಗೂಲಿ ಅಥವಾ ಹಂಗಾಮಿಯಾಗಿಯೇ ಇಟ್ಟುಕೊಳ್ಳುವುದನ್ನು ಅನುಚಿತವೆಂದು ಸಾರಿತು. ಹೆಚ್ಚಿನ ಮಹತ್ವದ ವಿಷಯವೆಂದರೆ, ಕಾರ್ಮಿಕನು ತಾನೇ ನೇರವಾಗಿ ಕೈಗಾರಿಕಾ ನ್ಯಾಯಾಲಯಕ್ಕೆ ದೂರು ಕೊಡಬಹುದಾಗಿತ್ತು. ಇದೇ ಮಾತುಗಳು ಕೇಂದ್ರದ ಕಾಯಿದೆಗೂ ಬಂದವು; ಆದರೆ ಬಂದದ್ದು 1982ರ ತಿದ್ದುಪಡಿಯ ಮೂಲಕ, 1984ರಲ್ಲಿ. ಅಲ್ಲಿಯೂ ಖಾಯಂ ಮಾಡಿರೆಂಬ ಬೇಡಿಕೆಯು ಸರ್ಕಾರದ ಕೈದಾಟಿ ನ್ಯಾಯಾಧಿಕರಣಕ್ಕೆ ಹೋಗಬೇಕಿತ್ತು. ಕರ್ನಾಟಕದ ಕಾರ್ಮಿಕನಿಗಿದ್ದುದು ಈ ಸುತ್ತುದಾರಿ.

ಇಲ್ಲಿ ಬೆಂಗಳೂರಿಗೆ ಸಲ್ಲಬೇಕಾದ ಋಣವೊಂದನ್ನು ಹೇಳಿಬಿಡಬೇಕು. ಕಾರ್ಖಾನೆಯ ಕಾರ್ಮಿಕನೇನೋ ಸರಿ. ಪಾಲಿಕೆಯ ಜಾಡಮಾಲಿ, ಆಸ್ಪತ್ರೆಯ ಆಯಾ, ವಿಶ್ವವಿದ್ಯಾಲಯದ ತೋಟಗಾರ ಇವರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ? ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪ್ರಕರಣದಲ್ಲಿ 1978ರ ಫೆಬ್ರವರಿಯಲ್ಲಿ ಏಳು ನ್ಯಾಯಾಧೀಶರ ಪೀಠವು 'ಉದ್ಯಮ' ಎಂಬ ಶಬ್ದದ ಅರ್ಥವನ್ನು ವಿಸ್ತಾರಗೊಳಿಸಿತು. ಮಾಲೀಕ ಮತ್ತು ನೌಕರರ ಸಹಕಾರದಿಂದ ವ್ಯವಸ್ಥಿತವಾಗಿ ನಡೆಯುವ, ಜನರ ಅಗತ್ಯಗಳನ್ನು ಪೂರೈಸುವ ಚಟುವಟಿಕೆಯೆಲ್ಲವೂ ಉದ್ಯಮವೇ, ಲಾಭದ ಉದ್ದೇಶವಿರಬೇಕಾಗಿಲ್ಲ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಪುಣೆಯ ಪಾಲಿಕೆ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಕೆಳಹಂತದ ನೌಕರರಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆದದ್ದು ಆ ತೀರ್ಪಿನ ಬಲದಿಂದ. ಅದರ ವಿಸ್ತಾರ ಅತಿಯಾಯಿತೆಂಬ ಆಕ್ಷೇಪವೂ ಬೆಳೆಯುತ್ತ ಹೋಗಿ, 2017ರಲ್ಲಿ ಪ್ರಶ್ನೆಯನ್ನು ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು.

ಧಾರವಾಡದಿಂದ ಹೊರಟ ಮೊಕದ್ದಮೆ

ಈಗ ಗಡಿಯಾಚೆಗೆ ಹೋಗೋಣ. ಕರ್ನಾಟಕ ಸರ್ಕಾರದ ಇಲಾಖೆಗಳಲ್ಲಿ, ವಿಶೇಷವಾಗಿ ಲೋಕೋಪಯೋಗಿ ಇಲಾಖೆಯಲ್ಲಿ, ಹತ್ತಾರು ಸಾವಿರ ಜನ ದಿನಗೂಲಿಯ ಮೇಲೆ ದುಡಿಯುತ್ತಿದ್ದರು. ಅವರಲ್ಲಿ ಅಕ್ಷರಸ್ಥರೂ ಇದ್ದರು. ಗುಮಾಸ್ತರ ಕೆಲಸವನ್ನೇ ಮಾಡುತ್ತಿದ್ದರು, ಕೂಲಿಯವರ ಪಗಾರ ಪಡೆಯುತ್ತಿದ್ದರು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಈ ಅನ್ಯಾಯವನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದಿತು. ರಾಜ್ಯದಲ್ಲಿ ಇಂಥ ನೌಕರರು ಸುಮಾರು 50,000 ಇದ್ದಾರೆ, ಹಲವರು 16ರಿಂದ 20 ವರ್ಷ ಸೇವೆ ಸಲ್ಲಿಸಿದ್ದಾರೆ ಎಂಬುದು ಅವರ ಅಹವಾಲು. 1990ರ ಫೆಬ್ರವರಿಯಲ್ಲಿ ತೀರ್ಪಿತ್ತ ನ್ಯಾಯಾಲಯವು ಬರಿಯ ಉಪದೇಶ ಮಾಡದೆ ಯೋಜನೆಯೊಂದನ್ನೇ ಹಾಕಿಕೊಟ್ಟಿತು. 1984ರ ಜುಲೈ 1 ಅಥವಾ ಅದಕ್ಕಿಂತ ಮೊದಲು ಸೇರಿದವರಿಗೆ ತಿಂಗಳ ಸಂಬಳ. ಹತ್ತು ವರ್ಷ ಪೂರೈಸಿದವರಲ್ಲಿ 18,600 ಜನರನ್ನು ಜ್ಯೇಷ್ಠತೆಯ ಮೇಲೆ ಕೂಡಲೇ ಖಾಯಂ ಮಾಡುವುದು. ಉಳಿದವರನ್ನು ಹತ್ತು ವರ್ಷ ತುಂಬಿದಂತೆ ಹಂತಹಂತವಾಗಿ ತೆಗೆದುಕೊಳ್ಳುವುದು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದು ಪಿಂಚಣಿ ಬರುತ್ತಿದ್ದರೆ ಅದರ ಹಿಂದೆ ಈ ತೀರ್ಪು ಇದೆ.

ಆದರೆ 1984ರ ಆ ದಿನಾಂಕದ ನಂತರವೂ ಇಲಾಖೆಗಳು ದಿನಗೂಲಿಯವರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಸರ್ಕಾರ ನಿಷೇಧಿಸಿತ್ತು, ಸರ್ಕಾರದ ಅಧಿಕಾರಿಗಳೇ ಸೇರಿಸಿಕೊಂಡರು! 1985-86ರಿಂದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಯ ಮೇಲೆ ದುಡಿದವರು ಹತ್ತು ವರ್ಷ ಕಳೆದ ಮೇಲೆ ತಮ್ಮನ್ನೂ ಖಾಯಂ ಮಾಡಿರೆಂದು ಕೇಳಿದರು. ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಅವರ ಪರವಾಗಿ ನಿಂತಿತು. ರಾಜ್ಯ ಸರ್ಕಾರ ಮೇಲ್ಮನವಿ ಹೂಡಿತು. ಇದೇ ಪ್ರಸಿದ್ಧ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠದ ಪರವಾಗಿ ನ್ಯಾಯಮೂರ್ತಿ ಪಿ.ಕೆ. ಬಾಲಸುಬ್ರಮಣ್ಯನ್ ಅವರು ಬರೆದ ತೀರ್ಪು ಸರ್ಕಾರಿ ನೌಕರಿಯ ಕಾನೂನನ್ನೇ ತಿರುಗಿಸಿಬಿಟ್ಟಿತು. ಸರ್ಕಾರಿ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶವಿರಬೇಕು. ಜಾಹೀರಾತು, ಸ್ಪರ್ಧೆ, ಆಯ್ಕೆ ಇಲ್ಲದೆ ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಹಕ್ಕು ಸಾಧಿಸಲಾರರು. ನ್ಯಾಯಾಲಯಗಳು ಅಂಥವರನ್ನು ಖಾಯಂ ಮಾಡಿರೆಂದು ಆಜ್ಞಾಪಿಸಕೂಡದು ಎಂಬುದು ಅದರ ಸಾರ. ಒಂದು ವಿನಾಯಿತಿಯನ್ನು ಮಾತ್ರ ಇಟ್ಟಿತು. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ನ್ಯಾಯಾಲಯದ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಪರಿಶೀಲಿಸಬಹುದು.

ಈ ತೀರ್ಪನ್ನು ಕಾರ್ಮಿಕ ವಿರೋಧಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕೆ.ಪಿ.ಎಸ್.ಸಿ. ಪರೀಕ್ಷೆಗಾಗಿ ವರ್ಷಗಟ್ಟಲೆ ಓದುತ್ತ ಕುಳಿತ, ಯಾವ ಅಧಿಕಾರಿಯ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಯ ದೃಷ್ಟಿಯಿಂದ ನೋಡಿದರೆ, ಪರಿಚಯದ ಮೇಲೆ ದಿನಗೂಲಿಗೆ ಸೇರಿ ಆಮೇಲೆ ಖಾಯಂ ಆಗುವ ಪದ್ಧತಿ ಅನ್ಯಾಯವೇ. ಆದರೂ ತೀರ್ಪಿನ ಭಾರ ಬಿದ್ದದ್ದು ತಪ್ಪು ಮಾಡಿದವರ ಮೇಲಲ್ಲ. ನಿಯಮ ಮುರಿದು ನೇಮಿಸಿದ ಅಧಿಕಾರಿ ನಿವೃತ್ತನಾಗಿ ಪಿಂಚಣಿ ತೆಗೆದುಕೊಂಡ. ನೇಮಕಗೊಂಡವನು ಮಾತ್ರ ಹಿಂಬಾಗಿಲಿನವನೆಂಬ ಹೆಸರು ಹೊತ್ತು ನಿಂತ. ಮುಂದೆ ದೇಶದಾದ್ಯಂತ ಸರ್ಕಾರಿ ವಕೀಲರು ಯಾವುದೇ ಹಂಗಾಮಿ ನೌಕರನ ಅರ್ಜಿಗೆ 'ಉಮಾದೇವಿ' ಎಂಬ ಒಂದೇ ಶಬ್ದವನ್ನು ಉತ್ತರವಾಗಿ ಕೊಡತೊಡಗಿದರು. ಒಂದು ಬಾರಿಯ ಕ್ರಮವನ್ನೂ ಎಷ್ಟೋ ಇಲಾಖೆಗಳು ಸರಿಯಾಗಿ ನಡೆಸಲಿಲ್ಲ. ಗದಗ ಜಿಲ್ಲಾ ಪಂಚಾಯತಿಯ ದಿನಗೂಲಿ ನೌಕರರ ಪ್ರಕರಣದಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಅರ್ಹರೆಲ್ಲರ ಪರಿಶೀಲನೆ ಮುಗಿಯುವ ತನಕ ಆ ಕ್ರಮ ಮುಗಿದಂತಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಕರ್ನಾಟಕವು ಕೊನೆಗೆ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗಾಗಿ 2012ರ ಕಾಯಿದೆಯನ್ನು ರಚಿಸಿತು. ಸೇವೆಯ ಮುಂದುವರಿಕೆಗೆ ಅದರಿಂದ ಭದ್ರತೆ ದೊರೆಯಿತು. ಹೆಸರಿನಲ್ಲಿ 'ದಿನಗೂಲಿ' ಎಂಬುದು ಉಳಿದೇ ಉಳಿಯಿತು.

ಉಮಾದೇವಿ ತೀರ್ಪಿನ ಅಲೆ ಮಹಾರಾಷ್ಟ್ರಕ್ಕೂ ಬಡಿಯಿತು. ಇಲ್ಲಿಯ ರಾಜ್ಯ ರಸ್ತೆ ಸಾರಿಗೆ ನಿಗಮದಲ್ಲಿ, ನಾವೆಲ್ಲ ಹತ್ತುವ ಅದೇ ಕೆಂಪು 'ಎಸ್.ಟಿ.' ಬಸ್ಸುಗಳನ್ನು ತೊಳೆದು ಗುಡಿಸುತ್ತಿದ್ದ ಸಫಾಯಿ ಕಾರ್ಮಿಕರು ವರ್ಷಾನುಗಟ್ಟಲೆ ಹಂಗಾಮಿಗಳಾಗಿಯೇ ಇದ್ದರು. ಅವರ ಸಂಘಟನೆಯು 1971ರ ಕಾಯಿದೆಯಡಿ ದೂರು ಕೊಟ್ಟು ಗೆದ್ದಿತ್ತು. ಮೇಲ್ಮನವಿಯಲ್ಲಿ ನಿಗಮವು ಉಮಾದೇವಿ ತೀರ್ಪನ್ನು ಮುಂದೊಡ್ಡಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಉತ್ತರ ಮಹಾರಾಷ್ಟ್ರದ ಕಾರ್ಮಿಕರ ಪಾಲಿಗೆ ದೊಡ್ಡ ಆಸರೆಯಾಯಿತು. ಉಮಾದೇವಿ ಪ್ರಕರಣದಲ್ಲಿ ವಿಚಾರವಾದದ್ದು ಸಂವಿಧಾನದ ಅಡಿಯಲ್ಲಿ ಸರ್ವೋಚ್ಚ ಹಾಗೂ ಉಚ್ಚ ನ್ಯಾಯಾಲಯಗಳಿಗಿರುವ ರಿಟ್ ಅಧಿಕಾರ. ಅನುಚಿತ ನೀತಿಯನ್ನು ಕಂಡಾಗ ಅದನ್ನು ಸರಿಪಡಿಸಲು 1971ರ ಕಾಯಿದೆಯು ಕೈಗಾರಿಕಾ ಮತ್ತು ಕಾರ್ಮಿಕ ನ್ಯಾಯಾಲಯಗಳಿಗೆ ಕೊಟ್ಟ ಅಧಿಕಾರವನ್ನು ಅದು ಕಿತ್ತುಕೊಂಡಿಲ್ಲ ಎಂಬುದೇ ಆ ಉತ್ತರ. ಕರ್ನಾಟಕದ ದಿನಗೂಲಿಯವನಿಗೆ ಮುಚ್ಚಿದ ಬಾಗಿಲು ಮಹಾರಾಷ್ಟ್ರದವನಿಗೆ ಹೀಗೆ ತೆರೆದೇ ಉಳಿಯಿತು. ತೆರೆದಿತ್ತೆಂದರೆ ಪೂರ್ತಿಯಾಗಿ ಅಲ್ಲ. ಹುದ್ದೆಯೇ ಇಲ್ಲದಿದ್ದರೆ ಖಾಯಂ ಮಾಡುವಂತಿಲ್ಲ ಎಂದು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಪ್ರಕರಣದಲ್ಲಿ 2001ರಲ್ಲಿಯೇ ತೀರ್ಮಾನವಾಗಿತ್ತು. ಹುದ್ದೆ ಸೃಷ್ಟಿಸುವುದು ನ್ಯಾಯಾಲಯದ ಕೆಲಸವಲ್ಲವೆಂಬ ಮಾತನ್ನು 2009ರ ತೀರ್ಪೂ ಒಪ್ಪಿತು. ಉಮಾದೇವಿ ತೀರ್ಪಿನ ಆಧಾರವಾದ ಸಮಾನ ಅವಕಾಶದ ವಿಧಿಗಳು ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದವು ಎಂಬುದನ್ನೂ ಓದುಗರು ಗಮನಿಸಬೇಕು. ಖಾಸಗಿ ಕಾರ್ಖಾನೆಯ ಹಂಗಾಮಿಗೆ ಆ ಹೆಸರು ಹೇಳಿ ಹೆದರಿಸುವುದರಲ್ಲಿ ಅರ್ಥವಿಲ್ಲ.

ಗುತ್ತಿಗೆಯ ಗೋಡೆ

ಇಷ್ಟೆಲ್ಲ ಓದಿ, ಪುಣೆಯ ಕಾರ್ಮಿಕನು ಸುರಕ್ಷಿತನೆಂದು ಯಾರಾದರೂ ಭಾವಿಸಿದರೆ ಅವರು ಒಮ್ಮೆ ಚಾಕಣ ಅಥವಾ ಭೋಸರಿಯ ಕಾರ್ಖಾನೆಯೊಂದರ ಗೇಟಿನ ಹೊರಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ನಿಂತು ನೋಡಬೇಕು. ಒಂದೇ ಯಂತ್ರದ ಮುಂದೆ ನಿಂತು ಬಂದವರ ಕೊರಳಲ್ಲಿ ಬೇರೆ ಬೇರೆ ಬಣ್ಣದ ಗುರುತಿನ ಚೀಟಿಗಳು. ಕೆಲವರದು ಕಂಪನಿಯ ಚೀಟಿ, ಹೆಚ್ಚಿನವರದು ಠೇಕೇದಾರನದು. ಕಲಬುರ್ಗಿ, ಯಾದಗಿರಿಗಳಿಂದ ಈಚೆಗೆ ಬಂದ ನಮ್ಮವರು ಬಹುಪಾಲು ಈ ಎರಡನೆಯ ಸಾಲಿನಲ್ಲಿಯೇ ಸಿಗುತ್ತಾರೆ.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ನ್ಯಾಯಾಲಯದ ನಡೆ ಹಿಂದುಮುಂದಾಗುತ್ತ ಬಂದಿದೆ. ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೆ ಅಲ್ಲಿಯ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುತ್ತಾರೆ ಎಂದು 1996ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ತೀರ್ಪಾಯಿತು. ಐದು ವರ್ಷಗಳೊಳಗೆ, 2001ರ ಆಗಸ್ಟ್‌ನಲ್ಲಿ, ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸಂವಿಧಾನ ಪೀಠವು ಅದನ್ನು ತಳ್ಳಿಹಾಕಿತು. ಗುತ್ತಿಗೆಯು ಬರಿಯ ತೋರಿಕೆಯದು, ನಿಜವಾದ ಮಾಲೀಕ ಕಂಪನಿಯೇ ಎಂದು ಕಾರ್ಮಿಕನು ಸಾಬೀತುಪಡಿಸಿದರೆ ಮಾತ್ರ ಅವನು ಕಂಪನಿಯ ನೌಕರ. ಸಾಬೀತುಪಡಿಸುವುದು ಎಲ್ಲಿ? ಪುಣೆಯ ಕಲ್ಯಾಣಿ ಸ್ಟೀಲ್ಸ್ ಕಂಪನಿಯ ಕ್ಯಾಂಟೀನಿನಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದವರ ಸಂಘವು 1971ರ ಕಾಯಿದೆಯಡಿ ದೂರು ಕೊಟ್ಟಿತ್ತು. 2001ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದು: ಮಾಲೀಕ-ನೌಕರ ಸಂಬಂಧ ನಿರ್ವಿವಾದವಾಗಿದ್ದರೆ, ಅಥವಾ ಬೇರೆ ವೇದಿಕೆಯಲ್ಲಿ ಮೊದಲೇ ಸಿದ್ಧವಾಗಿದ್ದರೆ ಮಾತ್ರ ಈ ಕಾಯಿದೆಯ ಬಾಗಿಲು ತೆರೆಯುತ್ತದೆ. ಅಂದರೆ ಗುತ್ತಿಗೆ ಕಾರ್ಮಿಕನು ಮೊದಲು ಕೈಗಾರಿಕಾ ವಿವಾದದ ಉದ್ದನೆಯ ದಾರಿ ಹಿಡಿದು "ನಾನು ನಿಮ್ಮವನೇ" ಎಂಬುದನ್ನು ಗೆದ್ದುಕೊಂಡು, ಆಮೇಲೆ "ಹಾಗಾದರೆ ನನ್ನನ್ನು ಖಾಯಂ ಮಾಡಿರಿ" ಎಂದು ಕೇಳಲು ಬರಬೇಕು. ಎರಡು ಮೊಕದ್ದಮೆಗಳು, ಒಂದು ಆಯುಷ್ಯ.

ಪರಿಣಾಮವನ್ನು ಯಾರಾದರೂ ಊಹಿಸಬಹುದು. ನೇರ ಹಂಗಾಮಿಯನ್ನು ಇಟ್ಟುಕೊಂಡರೆ 1971ರ ಕಾಯಿದೆಯ ಭಯ. ಠೇಕೇದಾರನ ಮೂಲಕ ತೆಗೆದುಕೊಂಡರೆ ಆ ಭಯವಿಲ್ಲ. ಹಂಗಾಮಿಗಳನ್ನು ಕಾಪಾಡಲು ಬಂದ ಕಾಯಿದೆಯೇ ಅವರನ್ನು ಗುತ್ತಿಗೆಯತ್ತ ನೂಕಿತು ಎಂದರೆ ಪೂರ್ತಿ ಸುಳ್ಳಲ್ಲ. ಗುತ್ತಿಗೆ ಬೆಳೆಯಲು ಬೇರೆ ಕಾರಣಗಳೂ ಇವೆ. ಆದರೆ ಕಾನೂನಿನ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾಲೀಕ ಅಪರೂಪ.

ಕಾಗದದ ತುಂಡು

ತೀರ್ಪುಗಳ ಎತ್ತರದ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಸಣ್ಣದೊಂದು ಕಾಗದದ ಮೇಲೆ. 240 ದಿನ ದುಡಿದದ್ದಕ್ಕೆ ಸಾಕ್ಷಿ ಏನು? ಇದಕ್ಕೂ ಕರ್ನಾಟಕದ ಎರಡು ಪ್ರಕರಣಗಳು ದೇಶಕ್ಕೆಲ್ಲ ಮಾದರಿಯಾದವು. ಅರಣ್ಯ ಇಲಾಖೆಯ ದಿನಗೂಲಿಯವನೊಬ್ಬನು ತಾನು 240 ದಿನ ದುಡಿದೆನೆಂದು ಪ್ರಮಾಣಪತ್ರ ಸಲ್ಲಿಸಿದ್ದ. ಬರಿಯ ಪ್ರಮಾಣಪತ್ರ ಸಾಲದು, ಸಾಬೀತಿನ ಹೊಣೆ ಕಾರ್ಮಿಕನದೇ ಎಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿ ಅವನ ಗೆಲುವನ್ನು ರದ್ದುಗೊಳಿಸಿತು. ಹಾಜರಿ ಪುಸ್ತಕ ಇರುವುದು ಮಾಲೀಕನ ಕಪಾಟಿನಲ್ಲಿ, ಸಾಬೀತಿನ ಹೊಣೆ ಕೂಲಿಯವನ ಹೆಗಲಿಗೆ! 2005ರ ನವೆಂಬರ್‌ನಲ್ಲಿ ಇನ್ನೊಬ್ಬ ದಿನಗೂಲಿ ನೌಕರನ ಪ್ರಕರಣದಲ್ಲಿ ಮೂವರ ಪೀಠವು ಈ ನಿಯಮವನ್ನು ಸ್ವಲ್ಪ ಮೆದುಗೊಳಿಸಿತು. ಹೊಣೆ ಕಾರ್ಮಿಕನದೇ ಆದರೂ, ದಿನಗೂಲಿಯವರಿಗೆ ನೇಮಕಾತಿ ಪತ್ರವಾಗಲಿ ಸಂಬಳದ ರಸೀದಿಯಾಗಲಿ ಇರುವುದಿಲ್ಲ. ಅವನು ಸಾಕ್ಷಿಕಟ್ಟೆ ಹತ್ತಿ ನುಡಿದು, ಮಸ್ಟರ್ ರೋಲ್ ಹಾಜರುಪಡಿಸಿರೆಂದು ಮಾಲೀಕನನ್ನು ಕೇಳಬಹುದು. ಆ ಪ್ರಕರಣದಲ್ಲಿ ಅವನನ್ನು ಉಳಿಸಿದ್ದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರ ಕಚೇರಿಯಿಂದ ಎಂದೋ ಪಡೆದಿಟ್ಟುಕೊಂಡಿದ್ದ ಒಂದು ಸೇವಾ ಪ್ರಮಾಣಪತ್ರ.

ಇನ್ನು ಈಚಿನ ವರ್ಷಗಳ ಮಾತು. ನ್ಯಾಯಾಲಯದ ಗಾಳಿ ಮತ್ತೆ ದಿಕ್ಕು ಬದಲಿಸಿದೆ. ಒಂದೇ ಕೆಲಸ ಮಾಡುವ ಹಂಗಾಮಿಗೂ ಖಾಯಂ ನೌಕರನ ವೇತನಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕೆಂದು ಪಂಜಾಬಿನ ಪ್ರಕರಣದಲ್ಲಿ 2016ರಲ್ಲಿ ತೀರ್ಪಾಯಿತು. 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದಲ್ಲಿ ಎರಡು ದಶಕಗಳ ಸುಮಾರು ಕಸ ಗುಡಿಸಿದ, ತೋಟ ನೋಡಿಕೊಂಡ ಕೆಲವರನ್ನು 2018ರಲ್ಲಿ ಒಮ್ಮೆಲೇ ತೆಗೆದುಹಾಕಿದ್ದನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿ ಅವರನ್ನು ಖಾಯಂ ಮಾಡಲು ಆದೇಶಿಸಿತು. ಉಮಾದೇವಿ ತೀರ್ಪು ಇದ್ದದ್ದು ಹಿಂಬಾಗಿಲ ನೇಮಕಾತಿಯನ್ನು ತಡೆಯಲು, ದೀರ್ಘಕಾಲ ದುಡಿಸಿಕೊಂಡವರ ಶೋಷಣೆಗೆ ಗುರಾಣಿಯಾಗಲು ಅಲ್ಲ ಎಂಬುದು ಅದರ ಧಾಟಿ. ನ್ಯಾಯಮೂರ್ತಿ ವಿಕ್ರಮ್ ನಾಥ್ ಅವರೊಂದಿಗೆ ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ. ನಿಪ್ಪಾಣಿಯಲ್ಲಿ ಹುಟ್ಟಿ, ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು, ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿ ದೆಹಲಿಗೆ ಹೋದವರು. ಅದೇ ಪೀಠವು 2025ರ ಜನವರಿಯಲ್ಲಿ ಗಾಜಿಯಾಬಾದ್ ನಗರಸಭೆಯ ತೋಟಗಾರರ ಪರವಾಗಿಯೂ ಇಂಥದೇ ತೀರ್ಪಿತ್ತಿತು.

ನ್ಯಾಯಾಲಯ ಈ ಕಡೆ ಹೊರಳುತ್ತಿರುವಾಗಲೇ ಶಾಸನದ ನೆಲವೂ ಬದಲಾಯಿತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1947ರ ಕಾಯಿದೆಯೂ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯೂ ಹಿಂದೆ ಸರಿದವು. 240ರ ಲೆಕ್ಕ ಹೊಸದರಲ್ಲಿಯೂ ಉಳಿದಿದೆ. ವರ್ಷಗಟ್ಟಲೆ ಹಂಗಾಮಿಯಾಗಿ ಇಟ್ಟುಕೊಳ್ಳುವುದು ಅನುಚಿತವೆಂಬ ಮಾತೂ ಉಳಿದಿದೆ. ಆದರೆ ಸ್ಥಾಯಿ ಆದೇಶಗಳ ಅಧ್ಯಾಯವು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ; ಹಿಂದಿನ ಕೇಂದ್ರ ಕಾಯಿದೆಯಲ್ಲಿ ಇದು 100 ಇತ್ತು. ನಿಶ್ಚಿತ ಅವಧಿಯ ನೌಕರಿಗೆ ಶಾಸನದ ಮುದ್ರೆ ಬಿದ್ದಿದೆ. ಅಂಥ ನೌಕರನಿಗೆ ಖಾಯಂ ನೌಕರನಷ್ಟೇ ವೇತನ, ಒಂದು ವರ್ಷಕ್ಕೇ ಉಪದಾನ. ಆದರೆ ಅವಧಿ ಮುಗಿದು ಮನೆಗೆ ಕಳಿಸಿದರೆ ಅದು ಕೆಲಸದಿಂದ ತೆಗೆದಂತೆಯೇ ಅಲ್ಲ. ನಮ್ಮ ಹಿರಿಯರ ಪ್ರಶ್ನೆಗೆ ಈ ಹುಡುಗ ಏನು ಉತ್ತರ ಕೊಡಬೇಕೋ ತಿಳಿಯದು. ಆಗಿದೆಯೂ ಅಲ್ಲ, ಆಗಿಲ್ಲವೂ ಅಲ್ಲ. ಹೊಸ ಸಂಹಿತೆಗಳ ಪಕ್ಕದಲ್ಲಿ ಮಹಾರಾಷ್ಟ್ರದ 1971ರ ಕಾಯಿದೆಗೆ ಎಷ್ಟು ಜಾಗವಿದೆ ಎಂಬ ಪ್ರಶ್ನೆಯೂ ನ್ಯಾಯಾಲಯದ ಅಂಗಳಕ್ಕೇ ಹೋಗುವಂಥದು. ಆದ್ದರಿಂದ ಯಾರಿಗಾದರೂ ಇಂಥ ತೊಂದರೆ ಬಂದಲ್ಲಿ ತಡಮಾಡದೆ ವಕೀಲರನ್ನು ಕಾಣುವುದು ಒಳ್ಳೆಯದು. 1971ರ ಕಾಯಿದೆಯು ದೂರಿಗೆ ಕೊಟ್ಟಿರುವ ಅವಧಿ 90 ದಿನಗಳು ಮಾತ್ರ.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೂ, ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಲ್ಲುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು. ಹೊಸ ಸಂಹಿತೆಯಂತೆ ನೇಮಕಾತಿ ಪತ್ರವನ್ನು ಪ್ರತಿಯೊಬ್ಬ ನೌಕರನಿಗೂ ಕೊಡಲೇಬೇಕು. ಯಾದಗಿರಿಯಿಂದ ಬಂದ ಹುಡುಗನ ಕೈಗೆ ಆ ಪತ್ರ ಬರುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅದರಲ್ಲಿ ಮಾಲೀಕನೆಂದು ಬರೆದಿರುವ ಹೆಸರು ಕಂಪನಿಯದೋ ಠೇಕೇದಾರನದೋ, ಅವಧಿ ಏಳು ತಿಂಗಳೋ ಒಂದು ವರ್ಷವೋ ಎಂಬುದನ್ನು ಓದಿ ಹೇಳಬಲ್ಲವರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ನೆರೆಯ ಕಟ್ಟಡದ ಕೆಲಸಕ್ಕೋ, ಸೊಸೈಟಿಯ ಕಾವಲಿಗೋ ಬಂದ ಕನ್ನಡದ ಹುಡುಗ ಪತ್ರ ಹಿಡಿದು ಬಾಗಿಲಿಗೆ ಬಂದರೆ ಅದನ್ನು ಅವನಿಗೆ ಓದಿ ಹೇಳಿ, ಒಂದು ಜೆರಾಕ್ಸ್ ತೆಗೆಸಿ ಇಟ್ಟುಕೊಳ್ಳಲು ತಿಳಿಸಿರಿ. ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಭವಿಷ್ಯ ನಿಧಿಯ ಸಂಖ್ಯೆ, ಗೇಟ್ ಪಾಸು ಇವುಗಳನ್ನೂ ಅದರೊಂದಿಗೆ ಇಡಲಿ.